ದಾನವ್ವ ಮುಳುಗಗೊಡದವರು

ಅಕ್ಕಿಆಲೂರಿನ ಅಕ್ಕಿ ವ್ಯಾಪಾರಿ ಶಂಕ್ರಪ್ಪನಿಗೆ ಮನುಷ್ಯರನ್ನೂ ಚೀಲದ ಹಾಗೆ ನೋಡುವ ಚಟ. ಕೊಳವೆ ಚುಚ್ಚಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ, ನುಚ್ಚೆಷ್ಟು ಕಲ್ಲೆಷ್ಟು ಎಂದು ನೋಡಿ ಮನಸ್ಸಿನಲ್ಲೇ ದರ ಕಟ್ಟಿಬಿಡುತ್ತಾನೆ. ದಾನವ್ವನಿಗೆ ಅವನು ಕಟ್ಟಿದ ದರ ಹೀಗಿತ್ತು: ಹಳೆ ಮಾಲು, ಚೆನ್ನಾಗಿ ಒಣಗಿದ್ದು, ತೂಕ ಕಡಿಮೆ. ಏಳನೇತ್ತೆ ಪಾಸು. ಶಾಲೆಯ ಬಿಸಿಯೂಟದ ಒಲೆಯ ಮುಂದೆ ಬಾಳು ಕಳೆದದ್ದರಿಂದ ಮೋರೆಗೆ ಹೊಳಪಿಲ್ಲ. ಆದರೆ ದನಿ ಒಂದನೇ ನಂಬರು, ಎಷ್ಟು ಆರಿಸಿದರೂ ಒಂದು ಕಲ್ಲು ಸಿಗದು. ಮಾತು ಕಮ್ಮಿ, ಆಸೆ ಕಮ್ಮಿ. ಒಟ್ಟಿನಲ್ಲಿ ಕಲಬೆರಕೆ ಇಲ್ಲದ ಹೆಂಗಸು. ತನ್ನ ಇಡೀ ವ್ಯಾಪಾರದಲ್ಲಿ ಅಷ್ಟು ತಪ್ಪಾಗಿ ಶಂಕ್ರಪ್ಪ ಇನ್ನಾವ ಮಾಲಿಗೂ ದರ ಕಟ್ಟಿಲ್ಲ.

ಸಂತೆಯ ದಿನ ಮಧ್ಯಾಹ್ನ, ಗಿರಾಕಿಗಳು ತೆಳುವಾದ ಮೇಲೆ, ಅವನ ಅಂಗಡಿಯ ಹಿಂದಿನ ಗೋದಾಮಿನಲ್ಲಿ ನಾಲ್ಕೈದು ಓದುಗರು ಸೇರುತ್ತಾರೆ. ಈ ವಾರ ಯಾರ ಕೈಯಲ್ಲಿ ಯಾವ ಪುಸ್ತಕ, ಎಲ್ಲಿಯ ತನಕ ಬಂತು, ಹೇಗನ್ನಿಸಿತು, ಒಬ್ಬೊಬ್ಬರಾಗಿ ಹೇಳಬೇಕು. ಆಮೇಲೆ ಓದಿ ಮುಗಿದವು ಕೈ ಬದಲಾಗುತ್ತವೆ. ಚಹಾ ಶಂಕ್ರಪ್ಪನದು, ಅಭಿಪ್ರಾಯ ಅವರವರದು. ಹುಲಗೂರಿನಿಂದ ಸಂತೆಗೆ ಬಟ್ಟೆ ತರುವ ಮಕ್ತುಮಸಾಬ ಪತ್ತೇದಾರಿ ಕತೆ ಬಿಟ್ಟು ಬೇರೇನೂ ಮುಟ್ಟುವವನಲ್ಲ. ಅರ್ಧ ಓದುವಷ್ಟರಲ್ಲೇ ಕೊಲೆಗಾರ ಇಂಥವನೇ ಎಂದು ಸಾರಿ, ಮುಂದಿನ ವಾರ ಅದು ಸುಳ್ಳಾದಾಗ ಬರೆದವನಿಗೆ ಬುದ್ಧಿ ಸಾಲದು ಎನ್ನುತ್ತಾನೆ.

ಗೋದಾಮಿನಲ್ಲಿರುವ ಒಂದೇ ಕುರ್ಚಿ ತುಳಸಾಬಾಯಿಯವರದು. ನಿವೃತ್ತ ಶಿಕ್ಷಕಿ. ಸಕ್ಕರೆ ಕಾಯಿಲೆ ಎರಡೂ ಕಣ್ಣುಗಳನ್ನು ತಿಂದುಹಾಕಿದೆ. ದಾನವ್ವ ದಿನಾ ಸಂಜೆ ಅವರ ಮನೆಗೆ ಹೋಗಿ ಪುಸ್ತಕ ಓದುತ್ತಾಳೆ. ಅದನ್ನು ಕೇಳಿದ ತುಳಸಾಬಾಯಿ ಸಂತೆಯ ದಿನ ಇಲ್ಲಿಗೆ ಬಂದು, ಪರೀಕ್ಷೆಯ ಪೇಪರು ತಿದ್ದಿದಷ್ಟೇ ಬಿಗಿಯಾಗಿ ತೀರ್ಪು ಕೊಡುತ್ತಾರೆ. ಪಾಸಾದ ಲೇಖಕರು ಕಡಿಮೆ.

ಕಲಬೆರಕೆಯನ್ನು ಮೊದಲು ಹಿಡಿದವನು ಮಕ್ತುಮಸಾಬ. ಹಿಂದೆ ಶಾಲೆಯಲ್ಲಿ ಪಠ್ಯವೆಂದು ಅವನೂ ಓದಿದ್ದ ಒಂದು ಕಾದಂಬರಿಯಲ್ಲಿ ಜ್ವರ ಬಂದು ಸತ್ತವನ ಮದುವೆ ಬಲು ಗಡಿಬಿಡಿಯಲ್ಲಿ ಮುಗಿಯಿತೆಂದು ತುಳಸಾಬಾಯಿ ದೂರಿದಾಗ ಮಕ್ತುಮಸಾಬನ ಚಹಾ ನೆತ್ತಿಗೇರಿತು. ಕುರ್ಚಿಯ ಹಿಂದೆ ನಿಂತಿದ್ದ ದಾನವ್ವ ಸದ್ದಿಲ್ಲದೆ ಕೈ ಮುಗಿದಳು. ಆಗ ಎಲ್ಲರಿಗೂ ತಿಳಿಯಿತು: ದಾನವ್ವನ ಓದಿನಲ್ಲಿ ಯಾರೂ ಸಾಯುವುದಿಲ್ಲ. ಜ್ವರ ಇಳಿಯುತ್ತದೆ, ಹಗ್ಗ ಹರಿಯುತ್ತದೆ, ಬಾವಿಗೆ ಬಿದ್ದವರನ್ನು ದಾರಿಹೋಕ ಯಾರೋ ಎತ್ತುತ್ತಾರೆ. ಅಚ್ಚಿನಲ್ಲಿ ಇಲ್ಲದ್ದನ್ನು ಅವಳು ಓದುತ್ತ ಓದುತ್ತಲೇ ಕಟ್ಟುತ್ತಿದ್ದಳು.

ಕಾರಣವನ್ನು ಯಾರೂ ಕೇಳಬೇಕಾಗಿರಲಿಲ್ಲ. ಹಿಂದೆ ತುಳಸಾಬಾಯಿ ಮಾಸೂರಿನ ಶಾಲೆಯಲ್ಲಿದ್ದಾಗ ಅವರ ಒಬ್ಬಳೇ ಮಗಳು ವೃಂದಾ ಮದಗದ ಕೆರೆಯಲ್ಲಿ ಮುಳುಗಿ ಹೋದಳು. ಅದೇ ಊರಿನ ದಾನವ್ವ ಆ ಹೊತ್ತು ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಸುದ್ದಿ ತಂದವಳೂ ಅವಳೇ. ಹುಡುಗಿಯ ಕಾಲು ಜಾರಿತು, ಒಂದೇ ಸಲಕ್ಕೆ ಒಳಗೆ ಹೋದಳು, ಸದ್ದೂ ಆಗಲಿಲ್ಲ, ಅವಳಿಗೆ ಏನಾಯಿತೆಂದೂ ಗೊತ್ತಾಗಿರಲಿಕ್ಕಿಲ್ಲ ಎಂದು ಹೇಳಿದ್ದಳು. ಆ ಮಾತಿನ ಆಸರೆಯಲ್ಲೇ ತುಳಸಾಬಾಯಿ ಇಷ್ಟು ವರ್ಷ ಬದುಕಿದ್ದಾರೆ. ಅಂಥವರ ಕಿವಿಗೆ ಸಾವು ಬೀಳದಿರಲಿ ಎಂದು ದಾನವ್ವ ಹೆಣಗುತ್ತಿದ್ದರೆ ತಪ್ಪೇನು?

ಹೀಗಾಗಿ ಎಲ್ಲರೂ ಸೇರಿಕೊಂಡರು. ತುಳಸಾಬಾಯಿಯವರ ಮನೆಗೆ ಹೋದ ಪುಸ್ತಕ ಮತ್ತೆ ಕೈ ಬದಲಾಗುತ್ತಿರಲಿಲ್ಲ. ಇಲಿ ಕಡಿಯಿತು ಎನ್ನುತ್ತಿದ್ದಳು ದಾನವ್ವ. ಇಲ್ಲದ ಮದುವೆಗಳ ಬಗ್ಗೆ, ಹುಟ್ಟದ ಮೊಮ್ಮಕ್ಕಳ ಬಗ್ಗೆ ಗೋದಾಮಿನಲ್ಲಿ ಗಂಭೀರವಾದ ವಾದಗಳು ನಡೆದವು. ಎಲ್ಲರಿಗಿಂತ ಚೆನ್ನಾಗಿ ವಾದಿಸಿದವನು ಶಂಕ್ರಪ್ಪ. ಗೋದಾಮಿನಲ್ಲಿಲ್ಲದ ಮಾಲನ್ನು ಹೊಗಳುವುದು ಅವನಿಗೆ ಹೊಸದಾಗಿರಲಿಲ್ಲ. ಅವನ ಕಣ್ಣಿನ ಪೊರೆ ತೆಗೆಸಿದಾಗ ದಾನವ್ವ ಮನೆಗೇ ಬಂದು ಒಬ್ಬ ಅಂಬಿಗನ ಕಾದಂಬರಿ ಓದಿದ್ದಳು. ಅಂಬಿಗ ಮಹಾಪೂರದಲ್ಲಿ ಈಜಿ ದಡ ಸೇರಿ, ಬಿಸಿ ಅಂಬಲಿ ಕುಡಿದ. ಅಚ್ಚಿನಲ್ಲಿ ಅವನಿಗೆ ಅಂಬಲಿ ಸಿಕ್ಕಿರಲಾರದು ಎಂಬುದು ಶಂಕ್ರಪ್ಪನಿಗೆ ಗೊತ್ತಿತ್ತು. ಕಣ್ಣು ಬಂದ ಮೇಲೂ ಅವನು ಆ ಪುಟಗಳನ್ನು ತೆರೆಯಲಿಲ್ಲ.

ಆದರೆ ಸಂತೆಯ ಸಂಜೆ ಶಟರ್ ಎಳೆಯುವಾಗ ಗೋದಾಮು ಬೆಳಗಿಗಿಂತ ಹೆಚ್ಚು ತುಂಬಿದಂತೆ ಅವನಿಗೆ ಕಾಣತೊಡಗಿತು. ಅಂಬಿಗ, ಬಾವಿಗೆ ಬಿದ್ದ ಸೊಸೆ, ಜ್ವರದ ಮದುಮಗ, ಎಲ್ಲರೂ ಚೀಲಗಳ ಮೇಲೆ ಕೂತಿದ್ದಾರೆ. ಪುಸ್ತಕದೊಳಗೆ ಅವರಿಗೆ ಜಾಗವಿಲ್ಲ, ಹೊರಗೆ ಮನೆಯಿಲ್ಲ. ಬಾಡಿಗೆ ಕೊಡದ ಮಂದಿ. ಅವರು ಕೂತ ಕಡೆ ತಳದ ಚೀಲ ಮುಟ್ಟಿದರೆ ತೇವ ಹತ್ತುತ್ತಿತ್ತು. ಗೋಡೆಯ ತೇವ ಎಂದು ಅವನು ಸುಣ್ಣ ಹೊಡೆಸಿದ. ತೇವ ಹೋಗಲಿಲ್ಲ.

ಈ ವರ್ಷದ ಮಳೆಗಾಲದಲ್ಲಿ ಪೂಜಾ ಎಂಬವಳು ಹೊಸದಾಗಿ ಬಂದಳು. ಹಾನಗಲ್ಲಿನಲ್ಲಿ ನರ್ಸು, ಬಸ್ಸಿನಲ್ಲಿ ಓದುವವಳು. ಅವಳಿಗೆ ಮೊದಲೇ ಒಂದು ಮಾತು ಹೇಳಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಂದು ತುಳಸಾಬಾಯಿ, ಹೊಳೆ ದಾಟುವ ಹುಡುಗಿಯೊಬ್ಬಳ ಕಾದಂಬರಿಯನ್ನು ತೂಗುತ್ತಿದ್ದರು. ನೆರೆಯ ನಡುವೆ ಹುಡುಗಿ ಮರದ ಬೇರು ಹಿಡಿದು ದಡ ಹತ್ತಿದ್ದು ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಅಲ್ಲಿಯ ತನಕ ಕರೆದುಕೊಂಡು ಬಂದು ಬರೆದಾತ ಅಂಜಿದ ಎಂದರು.

“ಅಕ್ಕಾರ, ಅದನ್ನ ನಾನೂ ಓದೇನ್ರಿ,” ಎಂದಳು ಪೂಜಾ, ಕೈಚೀಲದಿಂದ ತನ್ನ ಪ್ರತಿಯನ್ನು ತೆಗೆಯುತ್ತ. “ಆ ಹುಡುಗಿ ಉಳಿಯೂದಿಲ್ಲಲ್ರಿ. ಬೇರು ಕೈಗೆ ಸಿಗೂದ ಇಲ್ಲ.”

ಮಕ್ತುಮಸಾಬ ಕೆಮ್ಮಿದ. ಶಂಕ್ರಪ್ಪ ತಕ್ಷಣ ಎರಡು ಮುದ್ರಣಗಳ ಮಾತೆತ್ತಿ, ಹಳೆಯದರಲ್ಲಿ ಒಂದು ಕೊನೆ, ಹೊಸದರಲ್ಲಿ ಇನ್ನೊಂದು ಎಂದು ಸರಾಗವಾಗಿ ಮಾರತೊಡಗಿದ. ತುಳಸಾಬಾಯಿ ಕೈಯೆತ್ತಿದರು.

“ನೀವು ಸುಮ್ನಿರ್ರಿ ಶಂಕ್ರಪ್ಪ. ದಾನವ್ವ, ಎಷ್ಟು ಪುಸ್ತಕ ಹಿಂಗ ಓದೀ?”

“ಎಲ್ಲಾರಿ.”

ತುಳಸಾಬಾಯಿಗೆ ನಗು ಬಂತು. ತಮಗೂ ಸಂಶಯವಿತ್ತು, ಇಷ್ಟು ಮಂದಿ ಉಳಿಯುವ ಲೋಕ ಎಲ್ಲಿದೆ ಎಂದರು. ನಗು ಅರ್ಧಕ್ಕೇ ನಿಂತಿತು. ಕಾಣದ ಕಣ್ಣುಗಳು ನಿಧಾನವಾಗಿ ದಾನವ್ವನ ಕಡೆ ತಿರುಗಿದವು.

“ಮತ್ತ ವೃಂದಾಂದು? ಅದನ್ನೂ ಹಿಂಗ ಹೇಳಿದ್ದೇನು?”

ಇಲ್ಲ ಎಂದುಬಿಡಲಿ ಎಂದು ಶಂಕ್ರಪ್ಪ ಒಳಗೊಳಗೇ ಬೇಡಿಕೊಂಡ. ಅಷ್ಟು ಜನರನ್ನು ದಡ ಹತ್ತಿಸಿದವಳಿಗೆ ಇನ್ನೊಂದು ಮಾತು ಭಾರವೇ? ದಾನವ್ವ ಹತ್ತಿರದ ಚೀಲದ ಮೇಲೆ ಕೂತಳು.

“ಆಕಿ ಕೂಗಿದ್ಲ್ರಿ ಅಕ್ಕಾರ. ನಾ ಕೇಳಿದೆ. ಹುಡುಗ್ರು ಆಟ ಆಡಾಕತ್ತಾವ ಅಂತ ತಿಳದು ಸೀರಿ ಹಿಂಡಾಕತ್ತಿದ್ದೆ. ಮತ್ತೊಮ್ಮೆ ಕೂಗಿದ್ಲು. ತಲಿ ಎತ್ತಲಿಲ್ಲ. ಎತ್ತಿದಾಗ ನೀರು ಸುಮ್ನ ಇತ್ತು.”

ದಾನವ್ವ ಸೆರಗಿನ ತುದಿಯನ್ನು ಹಿಂಡಿದಳು.

“ಪುಸ್ತಕದಾಗ ಯಾರರ ಸಾಯೂ ಹೊತ್ತಾದ್ರ ಅದ ದನಿ ಬರತೈತ್ರಿ. ಅವ್ರನ್ನ ಉಳಿಸಿದ ಮ್ಯಾಲೆ ಸುಮ್ಮನಾಕ್ಕೈತಿ.”

ಅವಳು ಇಷ್ಟು ದಿನ ಯಾರಿಗಾಗಿ ಓದಿದ್ದಳೆಂದು ಶಂಕ್ರಪ್ಪನಿಗೆ ಆಗ ತಿಳಿಯಿತು. ತುಳಸಾಬಾಯಿಯವರ ಲೋಟದಲ್ಲಿ ಚಹಾ ಕೆನೆಗಟ್ಟಿತು. ಅವರು ಪೂಜಾಳಿಂದ ಪುಸ್ತಕ ಇಸಿದುಕೊಂಡು, ದನಿ ಬಂದ ದಿಕ್ಕಿಗೆ ಚಾಚಿದರು.

“ಓದು. ಹೆಂಗ ಅದ ಹಂಗ.”

ದಾನವ್ವ ಓದಿದಳು. ನೆರೆ ಬಂತು, ಹುಡುಗಿಯ ಕಾಲು ತಪ್ಪಿತು, ದಂಡೆಯ ಬೇರು ಹತ್ತಿರ ಬಂತು. ಅಲ್ಲಿ ದನಿ ನಿಂತಿತು. ಅವಳ ಬಲಗೈ ಪುಸ್ತಕ ಬಿಟ್ಟು ಗಾಳಿಯಲ್ಲಿ ಸ್ವಲ್ಪ ಮುಂದೆ ಹೋದದ್ದನ್ನು ತುಳಸಾಬಾಯಿ ಬಿಟ್ಟು ಉಳಿದವರೆಲ್ಲ ನೋಡಿದರು. ಆಮೇಲೆ ಕೈ ಹಿಂದೆ ಬಂತು. ಅಚ್ಚಿನಲ್ಲಿದ್ದಂತೆಯೇ ಹುಡುಗಿ ಹೋದಳು. ದಾನವ್ವ ಪುಟ ತಿರುವಿದಳು.

“ಬರದಾತ ಅಂಜಿಲ್ಲ,” ಎಂದರು ತುಳಸಾಬಾಯಿ. ಅದು ಆ ದಿನದ ಕೊನೆಯ ಅಭಿಪ್ರಾಯ.

ಅವರು ದಾನವ್ವನನ್ನು ಕ್ಷಮಿಸಿದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬೇರೆ ಓದುವವರನ್ನಂತೂ ಹುಡುಕಲಿಲ್ಲ. ಸಂಜೆಯ ಓದು ನಡೆದೇ ಇದೆ, ಅಚ್ಚಿನಲ್ಲಿದ್ದಂತೆ. ಸಂತೆಯ ದಿನದ ಕೂಟವೂ ಇದೆ. ಆದರೆ ಮಾತಿನ ನಡುವೆ ಹೊರಗೆ ಓಣಿಯಲ್ಲಿ ಮಕ್ಕಳು ಕೂಗಿದರೆ ಈಗ ಎಲ್ಲರೂ ಒಟ್ಟಿಗೆ ತಲೆ ಎತ್ತುತ್ತಾರೆ. ದಾನವ್ವ ಎದ್ದು ಬಾಗಿಲ ತನಕ ಹೋಗಿ ನೋಡಿ ಬಂದು, ಆಟ ಆಡಾಕತ್ತಾವ ಎಂದು ಹೇಳಿ ಕೂರುತ್ತಾಳೆ. ಆಮೇಲೆಯೇ ಪುಸ್ತಕದ ಮಾತು ಮುಂದುವರಿಯುತ್ತದೆ. ತಳದ ಚೀಲಗಳು ಇನ್ನೂ ತೇವವಾಗಿವೆ. ಶಂಕ್ರಪ್ಪ ಸುಣ್ಣ ಹೊಡೆಸುವುದನ್ನು ಬಿಟ್ಟಿದ್ದಾನೆ.

ಅಂಬಿಗನ ಕಾದಂಬರಿ ಗಲ್ಲಾಪೆಟ್ಟಿಗೆಯ ಹತ್ತಿರವೇ ಇದೆ. ಅದರ ಕೊನೆಯ ಪುಟಗಳನ್ನು ಅವನು ಸ್ವಂತ ಕಣ್ಣಿನಿಂದ ಓದಬೇಕು. ಓದಿ, ದಾನವ್ವನ ಎದುರು ಕೂತು, ಹೇಗನ್ನಿಸಿತೆಂದು ಸುಳ್ಳು ಸೇರಿಸದೆ ಹೇಳಬೇಕು. ಶಂಕ್ರಪ್ಪ ದಾನವ್ವನಿಗೆ ಕೊಡಬೇಕಾಗಿರುವ ಬಾಕಿ ಇಷ್ಟು.