ಎಂಟು ಓಮ್ ಎಂದು ನಾನು ನಂಬಿದ ಸ್ಪೀಕರ್

2019ರ ಬೇಸಿಗೆಯಲ್ಲಿ ನಾನು ಹಿರಿಯೂರಿನಲ್ಲಿ ಆಡಿಯೋ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಈ ಕೆಲಸಕ್ಕೆ ಇಳಿದು ಆಗ ಇಪ್ಪತ್ತೆರಡು ವರ್ಷವಾಗಿತ್ತು. ಟೇಪ್‌ರೆಕಾರ್ಡರ್‌ಗಳ ಕಾಲ ಮುಗಿದ ಮೇಲೆ ನನ್ನ ಕೈಹಿಡಿದದ್ದು ಆಂಪ್ಲಿಫೈಯರ್. ಬಿಡಿಭಾಗ ತಂದು, ಮನೆಗಳಿಗೆ, ಭಜನೆ ಮಂಡಳಿಗಳಿಗೆ ನಾನೇ ಜೋಡಿಸಿ ಕೊಡುತ್ತಿದ್ದೆ. ನನ್ನ ಕೈಯಿಂದ ಹೋದ ಪೆಟ್ಟಿಗೆ ರಿಪೇರಿಗೆ ವಾಪಸ್ ಬರುವುದಿಲ್ಲ ಎಂಬ ಹೆಮ್ಮೆ ನನಗಿತ್ತು. ಅದು ಒಂದು ಮಂಗಳವಾರ ಬೆಳಿಗ್ಗೆ ಮುಗಿಯಿತು. ಅವತ್ತು ಒಬ್ಬ ಮನುಷ್ಯನ ಜೀವವೂ ಹೋಗುವುದರಲ್ಲಿತ್ತು.

ಅದಕ್ಕೆ ಒಂದು ವಾರ ಮುಂಚೆ ಮತ್ತೋಡಿನಿಂದ ರತ್ನಮ್ಮ ಎಂಬ ಹೆಣ್ಣುಮಗಳು ಅಂಗಡಿಗೆ ಬಂದಿದ್ದರು. ಅಂಗನವಾಡಿ ಕಾರ್ಯಕರ್ತೆ. ಜೊತೆಗೆ ತಂದಿದ್ದ ಗೋಣಿಚೀಲದಲ್ಲಿ ಒಂದು ಹಳೆಯ ಆಂಪ್ಲಿಫೈಯರ್ ಇತ್ತು. ಅವರ ತಂದೆ ಕರಿಯಣ್ಣ ಮಾರಿಕಣಿವೆ ಅಣೆಕಟ್ಟಿನಲ್ಲಿ ತೂಬಿನ ಗೇಟು ಎತ್ತಿಳಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಹಿಂದಿನ ವರ್ಷ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸೋತಿದ್ದವು. ಮಾತು ಪೂರಾ ನಿಂತಿತ್ತು.

"ಮಾತು ಬರಲ್ಲ ಅಣ್ಣ. ನೀರು ಅನ್ನಾಕೂ ಬರಲ್ಲ. ಆದ್ರೆ ಅವ್ವನ ಪದ ಹಾಕಿದ್ರೆ ಜೊತೆಗೆ ಹಾಡ್ತಾರೆ. ಒಂದಕ್ಷರ ತಪ್ಪಲ್ಲ" ಎಂದರು ರತ್ನಮ್ಮ.

ಅವ್ವ ಎಂದರೆ ತೀರಿಹೋದ ಗೌರಮ್ಮ. ಸುತ್ತಲಿನ ಹಳ್ಳಿಗಳ ಮದುವೆಗಳಲ್ಲಿ ಸೋಬಾನೆ ಹಾಡುತ್ತಿದ್ದವರು. ಆ ಕ್ಯಾಸೆಟ್ಟುಗಳನ್ನೆಲ್ಲ ರತ್ನಮ್ಮ ಪೆನ್‌ಡ್ರೈವ್‌ಗೆ ಹಾಕಿಸಿದ್ದರು. ಮಾತು ಕಳೆದುಕೊಂಡವರಿಗೆ ಹಾಡು ಉಳಿದಿರುವುದುಂಟು, ಎಷ್ಟು ಹಾಡಿಸಿದರೆ ಅಷ್ಟು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರಂತೆ. ಅಷ್ಟರಲ್ಲಿ ಆಂಪ್ಲಿಫೈಯರ್ ಸುಟ್ಟಿತ್ತು.

ಆಂಪ್ಲಿಫೈಯರ್ ಆರಿಸುವಾಗ ವ್ಯಾಟ್ ನೋಡುವವರೇ ಹೆಚ್ಚು. ವ್ಯಾಟಿಗಿಂತ ಮೊದಲು ನೋಡಬೇಕಾದದ್ದು ಓಮ್. ಸ್ಪೀಕರು ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಎಂಬ ಲೆಕ್ಕ ಅದು. ಕರಿಯಣ್ಣನವರ ಕಸುಬಿನ ಮಾತಿನಲ್ಲೇ ಹೇಳುವುದಾದರೆ, ಓಮ್ ಕಡಿಮೆಯಾದಷ್ಟೂ ತೂಬು ಅಗಲ. ಎಂಟು ಓಮಿನ ಜಾಗದಲ್ಲಿ ನಾಲ್ಕು ಓಮಿನ ಸ್ಪೀಕರ್ ಕೂರಿಸಿದರೆ ಆಂಪ್ಲಿಫೈಯರಿನಿಂದ ಎರಡರಷ್ಟು ಕರೆಂಟು ನುಗ್ಗುತ್ತದೆ. ತಾಳಿಕೊಳ್ಳುವಂತೆ ಕಟ್ಟಿರದಿದ್ದರೆ ಏರಿ ಒಡೆಯುತ್ತದೆ.

ಇಷ್ಟೆಲ್ಲ ಗೊತ್ತಿದ್ದ ನಾನು ಮತ್ತೋಡಿಗೆ ಹೋಗಿ ಮಾಡಿದ್ದೇನು? ಸ್ಪೀಕರ್ ಪೆಟ್ಟಿಗೆಗಳ ಬೆನ್ನಿಗೆ ಅಂಟಿಸಿದ್ದ ಚೀಟಿ ಓದಿದೆ. 8 ಓಮ್ ಎಂದಿತ್ತು. ಜೇಬಿನಲ್ಲಿ ಮಲ್ಟಿಮೀಟರ್ ಇತ್ತು, ತೆಗೆಯಲಿಲ್ಲ. ಎಂಟು ಓಮಿಗೆ ಸರಿಹೋಗುವಂತೆ ಒಂದೊಂದು ಸ್ಪೀಕರಿಗೆ ಐವತ್ತು ವ್ಯಾಟ್ ಕೊಡುವ ಆಂಪ್ಲಿಫೈಯರನ್ನು ಜೋಡಿಸಿದೆ. ಟ್ರಾನ್ಸಿಸ್ಟರ್ ಸುಟ್ಟರೆ ಕರೆಂಟು ನೇರವಾಗಿ ನುಗ್ಗಿ ಸ್ಪೀಕರನ್ನು ಬೇಯಿಸದಂತೆ ಅದನ್ನು ಥಟ್ಟನೆ ಬೇರ್ಪಡಿಸುವ ಪ್ರೊಟೆಕ್ಷನ್ ಬೋರ್ಡ್ ಎಂಬುದೊಂದಿದೆ. ಮನೆಯಲ್ಲಿ ಮೆಲ್ಲಗೆ ಹಾಡು ಕೇಳುವವರಿಗೆ ಅದೇಕೆ ಎಂದು ಬಿಟ್ಟೆ. ಪದೇ ಪದೇ ಹಾರದಿರಲಿ ಎಂದು ಫ್ಯೂಸನ್ನೂ ದಪ್ಪದ್ದೇ ಹಾಕಿದ್ದೆ. ಭಾನುವಾರ ಹೋಗಿ ಟಿವಿ ಬೀರುವಿನೊಳಗೆ ಕೂರಿಸಿ ಬಂದೆ.

"ನಾನು ಅಂಗನವಾಡಿಗೆ ಹೋದ್ರೆ ಮಧ್ಯಾಹ್ನವೇ ಬರೋದು. ಅಲ್ಲೀಗಂಟ ಹಾಡ್ತಾ ಇರ್ಲಾ?" ಎಂದು ರತ್ನಮ್ಮ ಕೇಳಿದರು.

"ಇಡೀ ದಿನ ಇಟ್ರೂ ಏನೂ ಆಗಲ್ಲ" ಎಂದೆ.

ಮಂಗಳವಾರ ಹತ್ತು ಗಂಟೆಗೆ ಅಂಗಡಿಯಲ್ಲಿ ಬೇರೆ ಕೆಲಸವಿರಲಿಲ್ಲ. ಉಪಯೋಗಕ್ಕೆ ಬರುವ ಭಾಗಗಳನ್ನು ಬಿಚ್ಚಿಕೊಳ್ಳೋಣವೆಂದು ರತ್ನಮ್ಮ ಬಿಟ್ಟುಹೋಗಿದ್ದ ಹಳೆಯ ಆಂಪ್ಲಿಫೈಯರಿನ ಮುಚ್ಚಳ ತೆಗೆದೆ. ಎರಡೂ ಕಡೆಯ ಟ್ರಾನ್ಸಿಸ್ಟರ್‌ಗಳು ಸುಟ್ಟು ಕರಕಲಾಗಿದ್ದವು. ಮುಚ್ಚಳದ ಒಳಮೈಗೆ ಹಿಂದೆ ಯಾರೋ ಮೆಕ್ಯಾನಿಕ್ ಒಂದು ಚೀಟಿ ಅಂಟಿಸಿದ್ದ. ಬಾಲ್‌ಪೆನ್ನಿನ ಬರಹ. "ಎರಡೂ ಡಬ್ಬದ ಊಫರ್ ಬದಲಿಸಿದೆ. 4 ಓಮ್. ಹೆಚ್ಚು ಹೊತ್ತು ಹಾಕಬೇಡಿ." ಊಫರ್ ಎಂದರೆ ಡಬ್ಬದೊಳಗಿನ ದೊಡ್ಡ ಸ್ಪೀಕರ್; ಅದು ಬದಲಾದರೂ ಡಬ್ಬದ ಬೆನ್ನಿನ 8 ಓಮ್ ಚೀಟಿ ಹಾಗೇ ಉಳಿದಿತ್ತು.

ಓದಿದವನೇ ಎದ್ದು ನಿಂತೆ. ಹಳೆಯದು ಯಾಕೆ ಸತ್ತಿತು ಎಂದು ನಾನು ಕೇಳಿಯೇ ಇರಲಿಲ್ಲ. ಅದನ್ನು ಕೊಂದ ಸ್ಪೀಕರುಗಳಿಗೇ ನನ್ನದನ್ನೂ ಕಟ್ಟಿ, ಗಾಳಿಯಾಡದ ಬೀರುವಿನಲ್ಲಿಟ್ಟು, ಇಡೀ ದಿನ ಹಾಕಿ ಎಂದು ಹೇಳಿ ಬಂದಿದ್ದೆ.

ರತ್ನಮ್ಮನವರಿಗೆ ಫೋನ್ ಮಾಡಿದೆ. ರಿಂಗಾಗಿ ನಿಂತಿತು. ಮತ್ತೆ ಮಾಡಿದೆ, ನಾಲ್ಕು ಸಲ. ಆ ಊರಿನಲ್ಲಿ ಬೇರೆ ಯಾರ ನಂಬರೂ ನನ್ನ ಬಳಿ ಇರಲಿಲ್ಲ. ಶಟರ್ ಎಳೆದವನು ಬೀಗ ಹಾಕಿದೆನೋ ಇಲ್ಲವೋ ನೋಡದೆ ಬೈಕ್ ಹತ್ತಿದೆ.

ಮಾರಿಕಣಿವೆ ಕಡೆಯ ರಸ್ತೆ ಹಿಡಿದು ಹೋದೆ. ಗಂಟೆಯ ಮೇಲಿನ ದಾರಿ. ನಡುವೆ ಎರಡು ಸಲ ನಿಲ್ಲಿಸಿ ಫೋನ್ ಮಾಡಿದೆ. ಒಮ್ಮೆ ಸಿಗ್ನಲ್ ಇರಲಿಲ್ಲ, ಇನ್ನೊಮ್ಮೆ ಯಾರೂ ಎತ್ತಲಿಲ್ಲ. ಒಂದು ಕಡೆ ಕುರಿಮಂದೆ ರಸ್ತೆ ತುಂಬಿಕೊಂಡಿತ್ತು. ಕಾಯುವ ತಾಳ್ಮೆಯಿಲ್ಲದೆ ಪಕ್ಕದ ಹೊಲಕ್ಕಿಳಿಸಿ ದಾಟಿದೆ. ಏನೂ ಆಗಿರಲಿಕ್ಕಿಲ್ಲ, ಸುಮ್ಮನೆ ಹೆದರುತ್ತಿದ್ದೇನೆ ಎಂದು ಒಂದು ಗಳಿಗೆ ಅನಿಸುತ್ತಿತ್ತು. ಮರುಗಳಿಗೆ, ಏಳಲಾರದ, ಕೂಗಲಾರದ ಮನುಷ್ಯನ ಮುಖ ಕಣ್ಣೆದುರು ಬರುತ್ತಿತ್ತು. ಅವತ್ತಿನಷ್ಟು ಹೆದರಿಕೆಯನ್ನು ನಾನು ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಮನೆ ಮುಟ್ಟಿದಾಗ ಬಾಗಿಲಿಗೆ ಹೊರಗಿನಿಂದ ಬೀಗ. ಹಿಂದೊಮ್ಮೆ ಕರಿಯಣ್ಣ ತೆವಳಿಕೊಂಡು ಬಂದು ಮೆಟ್ಟಿಲಿನಿಂದ ಉರುಳಿಬಿದ್ದಿದ್ದರಂತೆ. ಅಂದಿನಿಂದ ರತ್ನಮ್ಮ ಬೀಗ ಹಾಕಿಕೊಂಡೇ ಹೋಗುತ್ತಿದ್ದರು. ಪಕ್ಕದ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು.

"ಅಜ್ಜಿ, ಕರಿಯಣ್ಣನೋರು ಹೆಂಗವ್ರೆ?"

"ಚೆನ್ನಾಗವ್ನೆ ಕಣಪ್ಪ, ಹಾಡ್ತಾ ಅವ್ನೆ. ಕೇಳಾಕಿಲ್ವಾ? ಪೆಟ್ಟಿಗೆ ಆಗ್ಲೇ ನಿಂತೋಗೈತೆ. ಇವ್ನು ಮಾತ್ರ ಒಂದೇ ಪದ ಹಿಡ್ಕಂಡು ಬಿಡ್ತಾನೇ ಇಲ್ಲ."

ಕಿವಿಗೊಟ್ಟೆ. ಒಳಗಿನಿಂದ ಗಂಡಸಿನ ಒಡೆದ ದನಿ. ಸೊಸೆಯನ್ನು ಮನೆದುಂಬಿಸಿಕೊಳ್ಳುವ ಹಾಡಿನ ಒಂದೇ ಸಾಲು, ಮತ್ತೆ ಮತ್ತೆ. "ಬಾಗಲಿಗೆ ಬಾರವ್ವ, ಬಾಗಲಿಗೆ ಬಾರವ್ವ." ನಡುನಡುವೆ ಕೆಮ್ಮು. ಗಾಳಿ ನನ್ನ ಕಡೆ ತಿರುಗಿದಾಗ ಸುಟ್ಟ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಸ್ಪೀಕರಿನೊಳಗಿನ ತಂತಿಸುರುಳಿ ಬೇಯುವಾಗ ಬರುವ ವಾಸನೆ ಅದು. ಆಗ ನನಗೆ ತಿಳಿಯಿತು. ಆ ಮನುಷ್ಯ ಹಾಡುತ್ತಿರಲಿಲ್ಲ. ಕೂಗಲು ಮಾತಿಲ್ಲದೆ, ತನಗೆ ಬರುವ ಹಾಡುಗಳಲ್ಲೇ ಹುಡುಕಿ, ಬಾಗಿಲಿಗೆ ಬನ್ನಿ ಎಂಬ ಸಾಲನ್ನು ಹಿಡಿದಿದ್ದರು.

ಮೀಟರ್ ಬೋರ್ಡು ಹೊರಗೋಡೆಯಲ್ಲಿತ್ತು. ಮೊದಲು ಮೇನ್ ಸ್ವಿಚ್ ಇಳಿಸಿದೆ. ಅಂಗಳದ ಕಲ್ಲೊಂದನ್ನೆತ್ತಿ ಬೀಗಕ್ಕೆ ಹೊಡೆದೆ. ಮೊದಲ ಎರಡು ಏಟು ಬಾಗಿಲಿಗೆ ಬಿದ್ದವು. ಮೂರನೆಯದಕ್ಕೆ ಚಿಲಕವೇ ಕಿತ್ತುಬಂತು. ತಳ್ಳಿದರೆ ಬಾಗಿಲು ಅರ್ಧಕ್ಕೆ ನಿಂತಿತು. ಅವರು ಮಂಚದಿಂದ ಇಳಿದು, ಒಂದೇ ಕೈಯಲ್ಲಿ ತೆವಳಿ, ಬಾಗಿಲಿಗೇ ಒರಗಿ ಬಿದ್ದಿದ್ದರು. ಸಂದಿಯಲ್ಲಿ ನುಸುಳಿ ಅವರ ಕಂಕುಳಿಗೆ ಕೈಹಾಕಿ ಹೊರಗೆಳೆದೆ. ಮುದುಕಿಯ ಕೂಗಿಗೆ ನಾಲ್ಕಾರು ಜನ ಓಡಿಬಂದರು. ಎಡಗಡೆಯ ಸ್ಪೀಕರ್ ಡಬ್ಬದೊಳಗಿನ ಹತ್ತಿಯ ಪದರ ಕೆಂಡವಾಗಿತ್ತು. ಅದರ ಪಕ್ಕದ ಪರದೆಯ ಅಂಚು ಕಪ್ಪಾಗಿ ಸುರುಳಿ ಸುತ್ತಿಕೊಂಡಿತ್ತು. ಡಬ್ಬವನ್ನು ಅಂಗಳಕ್ಕೆ ಎಸೆದು ನೀರು ಸುರಿದರು.

ಕರಿಯಣ್ಣನವರನ್ನು ಹೊಸದುರ್ಗದ ಆಸ್ಪತ್ರೆಗೆ ಸೇರಿಸಿದೆವು. ಹೊಗೆ ಕುಡಿದಿದ್ದರು, ಮೊಣಕೈ ತರಚಿತ್ತು. ಜೀವಕ್ಕೆ ಅಪಾಯವಿಲ್ಲ, ಎರಡು ದಿನ ಇರಲಿ ಎಂದರು ಅಲ್ಲಿನ ಡಾಕ್ಟರು. ರತ್ನಮ್ಮ ಬಂದಾಗ ನಾನು ವರಾಂಡದಲ್ಲೇ ನಿಂತಿದ್ದೆ. ಚೀಟಿಯ ವಿಷಯ, ಮೀಟರ್ ಇಡದೆ ಬಿಟ್ಟದ್ದು, ದಪ್ಪ ಫ್ಯೂಸು, ಯಾವುದನ್ನೂ ಮುಚ್ಚಿಡದೆ ಹೇಳಿದೆ. "ತಪ್ಪು ಪೂರಾ ನಂದು ತಾಯಿ."

ಅವರು "ಬೀಗ ಹಾಕ್ಕಂಡು ಹೋದೋಳು ನಾನಲ್ವಾ ಅಣ್ಣ" ಎಂದು ಗೋಡೆಗೆ ಒರಗಿ ಅತ್ತರು.

ಹಿರಿಯೂರಿಗೆ ವಾಪಸಾದ ಮೇಲೆ ಒಂದು ತಿಂಗಳು ನಾನು ಸಾಲ್ಡರಿಂಗ್ ಐರನ್ ಮುಟ್ಟಲಿಲ್ಲ. ಆಗಲೇ ರತ್ನಮ್ಮನವರ ಫೋನ್ ಬಂತು. "ಅಪ್ಪ ಪೆಟ್ಟಿಗೆ ಇದ್ದ ಜಾಗ ತೋರಿಸ್ತಾ ಕುಂತವ್ರೆ. ಇನ್ನೊಂದು ಹಾಕ್ಕೊಡ್ರಿ."

"ಬೇರೆ ಯಾರನ್ನಾದ್ರೂ ಕರೀರಿ" ಎಂದೆ.

"ಬೇರೆಯೋರಿಗೆ ಇಷ್ಟು ಭಯ ಇರಲ್ಲ ಅಣ್ಣ. ನೀವೇ ಬರ್ರಿ."

ಹೋದೆ. ಉಳಿದಿದ್ದ ಸ್ಪೀಕರನ್ನು ಮಲ್ಟಿಮೀಟರಿನಲ್ಲಿ ಅಳೆದೆ, 3.4 ತೋರಿಸಿತು. ಮೀಟರು ಅಳೆಯುವ ಅಂಕಿ ಹೆಸರಿನ ಓಮಿಗಿಂತ ತುಸು ಕಡಿಮೆಯೇ ಇರುತ್ತದೆ. ಅಂದರೆ ಇದು ನಾಲ್ಕು ಓಮ್. ಸುಟ್ಟದ್ದಕ್ಕೆ ಬದಲಾಗಿ ಅದೇ ಓಮಿನ ಇನ್ನೊಂದನ್ನು ತಂದೆ. ನಾಲ್ಕು ಓಮಿಗೂ ನಡೆಯುತ್ತದೆ ಎಂದು ತಯಾರಕರೇ ಬರೆದುಕೊಟ್ಟ, ಪ್ರೊಟೆಕ್ಷನ್ ಇರುವ ಕಂಪನಿ ಆಂಪ್ಲಿಫೈಯರನ್ನು ಆರಿಸಿದೆ. ಬೀರುವಿನೊಳಗಲ್ಲ, ತೆರೆದ ಹಲಗೆಯ ಮೇಲೆ ಇಟ್ಟೆ. ಮಂಚದ ಎಡಪಕ್ಕಕ್ಕೆ, ಕರಿಯಣ್ಣನವರ ಕೈಗೆ ಎಟುಕುವಂತೆ ಅದನ್ನು ಆರಿಸುವ ಒಂದು ಸ್ವಿಚ್ ಮತ್ತು ಒತ್ತಿದರೆ ಪಕ್ಕದ ಮನೆಯಲ್ಲಿ ಸದ್ದಾಗುವ ಕರೆಗಂಟೆ ಹಾಕಿದೆ.

ಆನ್ ಮಾಡುವ ಹೊತ್ತಿಗೆ ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕರಿಯಣ್ಣ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದರು. ಅವರಿಗೂ ಹೆದರಿಕೆಯಿತ್ತು. ಗೌರಮ್ಮನವರ ದನಿ ಬಂತು. ಕರಿಯಣ್ಣ ಹಾಡಲಿಲ್ಲ. ಮೊದಲನೆಯ ಹಾಡು ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದರ ನಡುವೆ ಮೆಲ್ಲಗೆ ದನಿಗೂಡಿಸಿದರು. ನಾನು ಸಂಜೆಯವರೆಗೆ ಅಲ್ಲೇ ಕೂತು, ಅರ್ಧ ಗಂಟೆಗೊಮ್ಮೆ ಆಂಪ್ಲಿಫೈಯರಿನ ಮೈ ಮುಟ್ಟಿ ನೋಡಿದೆ.

ಈಗ ಯಾರಾದರೂ ಆಂಪ್ಲಿಫೈಯರ್ ಬೇಕೆಂದು ಬಂದರೆ ಮೊದಲು ಸ್ಪೀಕರ್ ತರಿಸಿ ಅಳೆಯುತ್ತೇನೆ. ಕೋಣೆಯಲ್ಲಿ ಯಾರಿರುತ್ತಾರೆ, ಕೆಟ್ಟರೆ ಆರಿಸಲು ಅವರ ಕೈಲಾಗುತ್ತದೆಯೇ ಎಂದು ಕೇಳುತ್ತೇನೆ. ಇಷ್ಟೊಂದು ಪ್ರಶ್ನೆಯೇಕೆ ಎಂದು ಬೇಸತ್ತು ಎದ್ದುಹೋದವರಿದ್ದಾರೆ. ಕಸುಬು ಬಂದಷ್ಟೂ ಭಯ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗೆ ಭಯ ಹೋದಾಗಲೇ ಕೈ ತಪ್ಪುವುದು ಎಂದು ಈಗ ತಿಳಿದಿದೆ. ಪೆಟ್ಟಿಗೆ ಕೂರಿಸಿ ಬಂದ ಮರುದಿನ ಆ ಮನೆಗೆ ತಪ್ಪದೆ ಫೋನ್ ಮಾಡುತ್ತೇನೆ. ಆ ಕಡೆಯಿಂದ ಯಾರಾದರೂ ಎತ್ತುವ ತನಕ ನಿಂತೇ ಇರುತ್ತೇನೆ.