ಬಂದು ಹೋಗುವ ಎರರ್

ನನಗೆ ಕೋಪ ಜಾಸ್ತಿ ಎಂದು ಮನೆಯವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ನನಗೆ ಕೋಪವಿರುವುದು ಒಂದೇ ಒಂದು ವಸ್ತುವಿನ ಮೇಲೆ. ಅದು ದಿನವಿಡೀ ನನ್ನೆದುರಿಗೇ ಕೂತಿರುವುದರಿಂದ ಜಾಸ್ತಿಯಾಗಿ ಕಾಣುತ್ತದೆ.

ಶಿಡ್ಲಘಟ್ಟದಲ್ಲಿ ನಮ್ಮದೊಂದು ಚಾಕಿ ಕೇಂದ್ರವಿದೆ. ರೇಷ್ಮೆ ಮೊಟ್ಟೆ ಒಡೆಸಿ, ಕೂದಲೆಳೆಯಷ್ಟಿರುವ ಮರಿಗಳಿಗೆ ಎಳೆಯ ಹಿಪ್ಪುನೇರಳೆ ಸೊಪ್ಪು ತಿನ್ನಿಸಿ, ಎರಡು ಜ್ವರ ದಾಟಿಸಿ ರೈತರ ಮನೆಗೆ ಕಳಿಸುತ್ತೇವೆ. ಜ್ವರವೆಂದರೆ ಗಾಬರಿ ಬೇಡ. ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಹುಳು ನೋಡಿಕೊಳ್ಳುವವರು ನಮ್ಮ ಅತ್ತಿಗೆ ರತ್ನಮ್ಮ. ಯಾವ ತಟ್ಟೆಯ ಹುಳು ಯಾವತ್ತು ಒಡೆದದ್ದು, ಯಾರ ಮನೆಗೆ ಹೋಗಬೇಕಾದದ್ದು ಎಂದು ಕಂಪ್ಯೂಟರಿನ ಡೇಟಾಬೇಸಿಗೆ ಹಾಕಿ, ತಟ್ಟೆಗೆ ಅಂಟಿಸುವ ಚೀಟಿ ಪ್ರಿಂಟ್ ಮಾಡುವವನು ನಾನು. ಹುಳು ಈವರೆಗೆ ಕೈಕೊಟ್ಟಿಲ್ಲ.

ಕೈಕೊಡುವುದು ಡೇಟಾಬೇಸು. ಚೆನ್ನಾಗಿ ನಡೆಯುತ್ತಿರುತ್ತದೆ, ನಾನು ಹೆಸರು ಬರೆಯುತ್ತಿರುತ್ತೇನೆ, ಪರದೆ ಇದ್ದಕ್ಕಿದ್ದಂತೆ ಬೆಳ್ಳಗಾಗುತ್ತದೆ. ಆಮೇಲೊಂದು ಸಂದೇಶ: ಈ ಫೈಲ್ ಹಾಳಾಗಿದೆ, ಅಥವಾ ಇದು ಡೇಟಾಬೇಸೇ ಅಲ್ಲ. ಆಗತಾನೆ ನನ್ನ ಕೈಯಿಂದ ಅರ್ಧ ತಾಲ್ಲೂಕಿನ ರೈತರ ಹೆಸರು ನುಂಗಿದ ಫೈಲಿದು! ಉಂಡು ಕೈ ತೊಳೆದ ನೆಂಟ ಜಗಲಿಗೆ ಬಂದು, ಈ ಮನೆ ಯಾರದಪ್ಪ ಎಂದು ಕೇಳಿದರೆ ನಿಮಗೆ ಹೇಗಾಗುತ್ತದೆ?

ಪೂರ್ತಿ ಕೆಟ್ಟ ವಸ್ತುವಿನ ಮೇಲೆ ನನಗೆ ಗೌರವವಿದೆ. ಅದು ಪ್ರಾಮಾಣಿಕ. ಕೆಟ್ಟಿದ್ದೇನೆ, ರಿಪೇರಿ ಮಾಡಿಸು ಇಲ್ಲವೇ ಗುಜರಿಗೆ ಹಾಕು ಎನ್ನುತ್ತದೆ. ಆದರೆ ಒಮ್ಮೆ ಕೆಟ್ಟು, ನೋಡಲು ಯಾರಾದರೂ ಬಂದ ಕೂಡಲೇ ಸರಿಯಾಗಿ, ಅವರು ಬೆನ್ನು ತಿರುಗಿಸಿದ ಮೇಲೆ ಮತ್ತೆ ಕೆಡುವ ವಸ್ತುವಿದೆಯಲ್ಲ, ಅದಕ್ಕೆ ಯಾವ ನರಕವೂ ಸಾಲದು. ಹೀಗೆ ಬಂದು ಹೋಗುವ ಜ್ವರಕ್ಕೆ ಹಳೆಯ ವೈದ್ಯರು ವಿಷಮಜ್ವರ ಎನ್ನುತ್ತಿದ್ದರು. ದಿನ ಬಿಟ್ಟು ದಿನ ಬರುವುದಕ್ಕೆ ಒಂದು ಹೆಸರು, ಎರಡು ದಿನ ಬಿಟ್ಟು ಬರುವುದಕ್ಕೆ ಇನ್ನೊಂದು ಹೆಸರು. ಹೆಸರಿಡುವುದರಲ್ಲಿ ನಮ್ಮವರು ಗಟ್ಟಿಗರು. ತರ್ಕದವರನ್ನು ಕೇಳಿದರೆ ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ ಎನ್ನುತ್ತಾರೆ. ಸರಿ ಸ್ವಾಮಿ, ಹೊಗೆ ತನಗೆ ಬೇಕಾದಾಗ ಮಾತ್ರ ಬಂದು, ಎಂಜಿನಿಯರ್ ಬಂದಾಗ ಊರು ಬಿಟ್ಟರೆ?

ಎಂಜಿನಿಯರು ಚಿಕ್ಕಬಳ್ಳಾಪುರದಿಂದ ಬರುತ್ತಿದ್ದರು. ನನ್ನ ವಯಸ್ಸಿನವರು, ಸಮಾಧಾನಿ. ಆ ಸಮಾಧಾನವೇ ನನ್ನ ಮೈ ಉರಿಸುತ್ತಿತ್ತು. ಅವರು ಕೂತ ಕೂಡಲೇ ಡೇಟಾಬೇಸು ಡಾಕ್ಟರ ಮುಂದೆ ಕೆಮ್ಮು ನಿಲ್ಲಿಸಿದ ಮಗುವಿನಂತೆ ನಡೆದುಕೊಳ್ಳುತ್ತಿತ್ತು. "ಚೆನ್ನಾಗೇ ನಡೀತೈತಲ್ಲ ಸಾರ್," ಎಂದು ಫೈಲನ್ನು ರಿಪೇರಿ ಮಾಡಿ, ಕಾಫಿ ಕುಡಿದು ಹೊರಡುತ್ತಿದ್ದರು. ವಿಂಡೋಸ್ ಹೊಸದಾಗಿ ಹಾಕಿದರು, ವೈರಸ್ ಹುಡುಕಿದರು, ಮೆಮೊರಿ ಬದಲಿಸಿದರು. ಫೋನಿನಲ್ಲಿ ಸಿಕ್ಕ ಸಹಾಯವಾಣಿಯ ಹೆಂಗಸು ಮಾತ್ರ ಒಂದೇ ಮಂತ್ರದಲ್ಲಿ ಸ್ಥಿರವಾಗಿದ್ದಳು: ಆಫ್ ಮಾಡಿ ಆನ್ ಮಾಡಿ.

ಇದೆಲ್ಲ ನಗುವ ವಿಷಯವಾಗಿಯೇ ಉಳಿಯಬಹುದಿತ್ತು, ಉಳಿಯಲಿಲ್ಲ. ಒಂದು ಬೆಳಿಗ್ಗೆ ಚೀಟಿ ಪ್ರಿಂಟ್ ಮಾಡುವಾಗಲೇ ಪರದೆ ಬೆಳ್ಳಗಾಯಿತು. ಹುಳು ತುಂಬಿಸಿಕೊಳ್ಳಲು ಗಾಡಿ ಬಾಗಿಲಲ್ಲಿ ನಿಂತಿತ್ತು. ಹಿಂದೆ ಎತ್ತಿಟ್ಟಿದ್ದ ಹಳೆಯ ಪ್ರತಿಯನ್ನು ತೆರೆದು, ಅದರಿಂದಲೇ ಚೀಟಿ ತೆಗೆದು ಅಂಟಿಸಿದೆ. ಆ ಪ್ರತಿಯಲ್ಲಿ ತಟ್ಟೆಗಳು ಹಿಂದುಮುಂದಾಗಿದ್ದವು. ಕೆಂಚಾರ್ಲಹಳ್ಳಿಯ ನಾರಾಯಣಮ್ಮನ ಮನೆಗೆ ಬೇರೆ ಬೇರೆ ದಿನ ಒಡೆದ ಹುಳುಗಳು ಒಂದೇ ಚೀಟಿಯಲ್ಲಿ ಹೋದವು. ಅದರ ಫಲವೇನೆಂದು ಹುಳು ಸಾಕಿದವರಿಗೆ ಗೊತ್ತು. ಅರ್ಧ ಹುಳು ಜ್ವರಕ್ಕೆ ಕೂತಾಗ ಇನ್ನರ್ಧ ಸೊಪ್ಪು ಕೇಳುತ್ತವೆ. ಸೊಪ್ಪು ಹಾಕಿದರೆ ಕೂತವು ಅಡಿಯಲ್ಲಿ ಹೂತುಹೋಗುತ್ತವೆ, ಹಾಕದಿದ್ದರೆ ಎದ್ದವು ಸೊರಗುತ್ತವೆ. ಆಕೆಯ ಆ ಬೆಳೆ ಹೋಯಿತು. ಅಪ್ಪನ ಕಾಲದಿಂದ ನಮ್ಮಲ್ಲೇ ಚಾಕಿ ಒಯ್ಯುತ್ತಿದ್ದ ಹೆಂಗಸು ಬೈಯಲೂ ಬರಲಿಲ್ಲ. ಮುಂದಿನ ಸಲ ಬೇರೆ ಕೇಂದ್ರಕ್ಕೆ ಹೋದರು. ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಅದಾದ ಮೇಲೆ ನನ್ನ ಕೋಪಕ್ಕೆ ಕಂಪ್ಯೂಟರೊಂದೇ ಸಾಲಲಿಲ್ಲ. ಮೌಸನ್ನು ಕುಕ್ಕಿದೆ, ಅದು ಸತ್ತಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆ ಇದೆ, ಮೌಸಿಗೂ ಅನ್ವಯಿಸುತ್ತದೆ. ಹೊಸ ಮೌಸು ತಂದ ವಾರ ಪರದೆ ಮತ್ತೆ ಬೆಳ್ಳಗಾಯಿತು. ಈ ಸಲ ಎಂಜಿನಿಯರಿಗೆ ಫೋನ್ ಮಾಡಲಿಲ್ಲ. ನಾನು ಬರೆಯುವುದು ಆಫೀಸಿನಲ್ಲಿ ಕೂತಾದರೂ, ಫೈಲ್ ಇರುವ ಇನ್ನೊಂದು ಕಂಪ್ಯೂಟರು ಹಿಂದೆ, ಹುಳುಮನೆಗೆ ಅಂಟಿದ ಕೋಣೆಯಲ್ಲಿದೆ. ಅದನ್ನು ಎತ್ತಿ ಅಂಗಳಕ್ಕೆ ಎಸೆಯಬೇಕೆಂದೇ ಕೂಗಾಡುತ್ತ ನುಗ್ಗಿದೆ.

ಹುಳುಮನೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. "ಶ್, ಬಾಯ್ಮುಚ್ಚು. ಜ್ವರಕ್ಕೆ ಕೂತ್ಕೋತಾ ಅವೆ," ಎಂದರು.

"ನನ್ ಫೈಲ್ ಹೋಯ್ತು ಅತ್ಗೆ!"

"ಹೋಗ್ಲಿ ಬಿಡು. ಒಂದ್ ಗಳಿಗೆ ಸುಮ್ನಿರಪ್ಪ, ಕೇಳಿಸ್ಕೋಬೇಕು."

ಅವರು ಮತ್ತೆ ಒಳಗೆ ಹೋಗಿ ತಟ್ಟೆಯ ಮೇಲೆ ಬಾಗಿ ಕಿವಿಗೊಟ್ಟರು. ಇನ್ನೂ ಯಾವುದಾದರೂ ಮೇಯುತ್ತಿದೆಯೇ ಎಂದು ಅವರು ತಿಳಿಯುವುದು ಸದ್ದಿನಿಂದ. ದೊಡ್ಡ ಹುಳು ಸೊಪ್ಪು ತಿನ್ನುವುದು ಹೆಂಚಿನ ಮೇಲೆ ತುಂತುರು ಬಿದ್ದಂತೆ ಕೇಳುತ್ತದೆ. ಚಾಕಿ ಮರಿಯದು ತೀರಾ ಸಣ್ಣ ಸದ್ದು, ಮನೆಯೆಲ್ಲ ಮೌನವಾದರಷ್ಟೇ ಕಿವಿಗೆ ಸಿಗುತ್ತದೆ. ಹಾಗಾಗಿ ಅತ್ತಿಗೆ ಒಳಗೆ ಹೋಗುವ ಮುನ್ನ, ತೇವ ಊದುವ ಮಿಷನ್ನು ಗೊರಗೊರ ಅನ್ನದಿರಲೆಂದು ಗೋಡೆಯ ಸ್ವಿಚ್ ಆರಿಸುತ್ತಾರೆ. ಹೊರಗೆ ಬಂದ ಮೇಲೆ ಹಾಕುತ್ತಾರೆ. ನನ್ನ ಕಣ್ಣು ಆ ಸ್ವಿಚ್ಚಿನ ಮೇಲೆ ಬಿತ್ತು. ಅದೇ ಸ್ವಿಚ್ಚಿಗೆ ಸೇರಿದ ಬೋರ್ಡಿಗೆ ಇನ್ನೊಂದು ವೈರನ್ನೂ ಸಿಕ್ಕಿಸಿದ್ದರು. ಆ ವೈರಿನ ತುದಿಯಲ್ಲಿ, ಎರಡು ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕಿನ ಡಬ್ಬ ದೀಪವಾರಿಸಿಕೊಂಡು ಕೂತಿತ್ತು.

ನಾನು ಬರೆಯುತ್ತಿರುವಾಗ ದಾರಿ ಕಡಿದರೆ ಫೈಲ್ ಹಾಳಾಗದೆ ಇನ್ನೇನಾಗುತ್ತದೆ? ಜ್ವರದ ದಿನಗಳಲ್ಲಿ ಮಾತ್ರ, ಅತ್ತಿಗೆ ಕಿವಿಗೊಡುವಷ್ಟು ಹೊತ್ತು ಮಾತ್ರ. ಎಂಜಿನಿಯರು ಬರುವಷ್ಟರಲ್ಲಿ ಹುಳು ಎದ್ದು ಮೇಯುತ್ತಿರುತ್ತಿದ್ದವು, ದೀಪಗಳೂ ಮಿಣಮಿಣ ಎನ್ನುತ್ತಿದ್ದವು. ಯಾರ ಮೇಲೆ ಕೂಗಾಡಲಿ? ಅತ್ತಿಗೆ ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಕೂಗಾಡಲು ಯಾರೂ ಸಿಗದ ಕೋಪ ಎಷ್ಟು ಕೆಟ್ಟದ್ದೆಂದು ಅಂದು ತಿಳಿಯಿತು. ಡಬ್ಬದ ವೈರನ್ನು ಬೇರೆ ಪ್ಲಗ್ಗಿಗೆ ಹಾಕಿದೆ, ರೋಗ ನಿಂತಿತು.

ಮರುದಿನ ಕೆಂಚಾರ್ಲಹಳ್ಳಿಗೆ ಹೋದೆ. ನಾರಾಯಣಮ್ಮ ಸೊಪ್ಪು ಹರಡುತ್ತಿದ್ದರು. ನಾನು ಡಬ್ಬ, ವೈರು, ಫೈಲು ಎಂದು ಶುರುಮಾಡಿದೆ, ಸಹಾಯವಾಣಿಯ ಹೆಂಗಸನ್ನೂ ಸೇರಿಸಿ ಎಲ್ಲರನ್ನೂ ಬೈದೆ. ಆಕೆ ಕೈಯೆತ್ತಿ ತಡೆದರು.

"ಊರುಕೋ ನಾಯನಾ, ಸಾಕು. ಮಿಷನ್ ಕೆಟ್ಟಿದ್ದಕ್ಕಲ್ಲ ನಂಗೆ ಸಿಟ್ಟು. ಕೆಟ್ಟೈತೆ, ಚೀಟಿ ನಂಬ್ಬೇಡಕ್ಕ ಅಂತ ಅವತ್ತೇ ಒಂದ್ ಫೋನ್ ಮಾಡಿದ್ರೆ, ನಾನೇ ನೋಡಿ ಬೇರೆ ಬೇರೆ ಮಾಡ್ಕೋತಿದ್ದೆ. ಊರಿಗೆಲ್ಲ ಫೋನ್ ಮಾಡಿದ್ಯಲ್ಲ, ನನ್ ನಂಬರ್ ಇರ್ಲಿಲ್ವಾ?"

ಇತ್ತು. ಡೇಟಾಬೇಸಿನಲ್ಲೂ ಇತ್ತು, ನನ್ನ ತಲೆಯಲ್ಲೂ ಇತ್ತು. ಹೊರಡುವಾಗ ಆಕೆ, "ಮುಂದಿನ್ ಸಲಕ್ಕೆ ಒಂದ್ ತಟ್ಟೆ ಇಡು, ನೋಡಣ," ಎಂದರು.

ಡೇಟಾಬೇಸು ಸುಧಾರಿಸಿತೆಂದು ತಿಳಿಯಬೇಡಿ. ಇವತ್ತು ಬೆಳಿಗ್ಗೆ ಮತ್ತೆ ಬೆಳ್ಳಗಾಯಿತು. ಡಬ್ಬದ ದೀಪ ಉರಿಯುತ್ತಿದೆ, ಅತ್ತಿಗೆ ಅಡುಗೆಮನೆಯಲ್ಲಿದ್ದಾರೆ, ಕಾರಣ ಆ ದೇವರಿಗೇ ಗೊತ್ತು. ನಾನು ಮೊದಲು ನಾರಾಯಣಮ್ಮನಿಗೆ ಫೋನ್ ಮಾಡಿದೆ. "ಅಕ್ಕಾ, ಮಿಷನ್ ಕೆಟ್ಟೈತೆ. ಇವತ್ತಿನ ಚೀಟಿ ನಂಬ್ಬೇಡಿ, ನಾನೇ ತಟ್ಟೆ ಜೊತೆ ಬರ್ತೀನಿ." ಆಮೇಲೆ ಎಂಜಿನಿಯರಿಗೆ ಮಾಡಿದೆ. ಆಮೇಲೆ ಆಫೀಸಿನ ಬಾಗಿಲು ಹಾಕಿಕೊಂಡು, ಕಂಪ್ಯೂಟರಿನ ಮುಂದೆ ಕೂತು ಅದರ ವಂಶವನ್ನೆಲ್ಲ ಮನಸಾರೆ ಬೈದೆ. ಒಳಗೆ ಹುಳು ಜ್ವರಕ್ಕೆ ಕೂತಿದ್ದವು, ಆದ್ದರಿಂದ ಪಿಸುಮಾತಿನಲ್ಲಿ.