ಕೀ ಬೇಡದ ಗಡಿಯಾರ

ದೇವರಾಯಸಮುದ್ರದ ಕೆರೆಗೆ ನೀರಗಂಟಿಯಾಗಿದ್ದ ಮುನಿಯಲ್ಲಪ್ಪ, ನೆರಳು ಅಳೆದು ಹೊಲಗದ್ದೆಗಳಿಗೆ ನೀರು ಹಂಚಿದವನು. ಕಟ್ಟೆ ಬಿರಿದ ಒಂದು ಮಳೆಗಾಲದಲ್ಲಿ ತನ್ನ ಮನೆಯ ಬಾಗಿಲನ್ನೇ ಕಿತ್ತು ತಂದು ಬಿರುಕಿಗೆ ಅಡ್ಡ ಇಟ್ಟನಂತೆ. ಮುಂದಿನ ಸುಗ್ಗಿಯವರೆಗೂ ಆ ಮನೆಗೆ ಗೋಣಿತಾಟೇ ಬಾಗಿಲು. ಅವನ ಮಗ ಕೋದಂಡರಾಮಪ್ಪ ಕೋಲಾರದಿಂದ ಕೀ ಕೊಡುವ ಕೈಗಡಿಯಾರ ತಂದು ನೆರಳಿನ ಲೆಕ್ಕ ನಿಲ್ಲಿಸಿದ. ಸ್ವಂತ ಭಾವಮೈದ ಬಂದು ಕೈಹಿಡಿದು ಕೇಳಿದರೂ ಒಂದು ಗಳಿಗೆ ಹೆಚ್ಚು ನೀರು ಬಿಟ್ಟವನಲ್ಲ. ಆ ಕೋದಂಡರಾಮಪ್ಪನ ಮಗನೇ ನಮ್ಮ ದೊಡ್ಡನಾರಾಯಣಪ್ಪ. ತೂಬು ಎತ್ತಿ ಎತ್ತಿ ಇವನ ಬಲಭುಜ ಹಿಡಿದುಕೊಂಡುಬಿಟ್ಟಿದೆ. ಈಗ ಎಲ್ಲರ ಜೇಬಿನಲ್ಲೂ ಫೋನಿದೆ. ಆದರೂ ಆ ಕೆರೆಯ ಕೆಳಗೆ ನೀರಗಂಟಿಯ ಗಡಿಯಾರ ಹೇಳಿದ್ದೇ ಹೊತ್ತು.

ಆ ಮನೆಯಲ್ಲೊಂದು ಕಟ್ಟಳೆ. ನೀರು ಬಿಡದ ದಿನಗಳಲ್ಲಿ ಸನಿಕೆ, ಹಾರೆ, ಗಡಿಯಾರ ಮೂರೂ ಗಂಗಮ್ಮನ ಗೂಡಿನಲ್ಲಿರಬೇಕು. ಯಾರೂ ಮುಟ್ಟುವಂತಿಲ್ಲ. ನೀರಿನ ದಿನ ಬೆಳಗ್ಗೆ ಕೈಮುಗಿದು ತೆಗೆದಾಗ ಗಡಿಯಾರ ಸತ್ತ ಹಾಗೆ ನಿಂತಿರುತ್ತಿತ್ತು. ದೊಡ್ಡನಾರಾಯಣಪ್ಪ ಅದಕ್ಕೆ ಕೀ ಕೊಟ್ಟು, ರೇಡಿಯೋ ವಾರ್ತೆಗೆ ಮುಳ್ಳು ಸರಿಮಾಡಿ, ಕಟ್ಟಿಕೊಂಡು ಹೊರಡುತ್ತಿದ್ದ.

ಹೋದ ದೀಪಾವಳಿಗೆ ತಮ್ಮನ ಮಗ ಶ್ರೀಧರ್ ಬಂದ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟು ಗೆದ್ದವನು. ತನ್ನ ಕೈಯಲ್ಲಿದ್ದ ಸ್ವಿಸ್ ಗಡಿಯಾರವನ್ನೇ ಬಿಚ್ಚಿ ದೊಡ್ಡಪ್ಪನ ಎಡಗೈಗೆ ಕಟ್ಟಿದ.

"ಇದು ಆಟೋಮ್ಯಾಟಿಕ್ ಕಣ್ ದೊಡ್ಡಪ್ಪ. ಹೊತ್ತು ತಪ್ಪಿದ್ರೆ ಮುಳ್ಳು ತಿರುಗಿಸ್ಕೋ, ಕೀ ಮಾತ್ರ ಕೊಡೋ ಹಂಗೇ ಇಲ್ಲ. ಅದರ ಪಾಡಿಗೆ ಅದು ಓಡುತ್ತೆ."

"ಮೇವು ಹಾಕ್ದೆ ದುಡಿಯೋ ಎತ್ತು ಎಲ್ಲಿ ಸಿಕ್ತೋ ನಿಂಗೆ?"

ನಕ್ಕರೂ ದೊಡ್ಡನಾರಾಯಣಪ್ಪನಿಗೆ ಒಳಗೊಳಗೇ ನೆಮ್ಮದಿಯಾಯಿತು. ಹಳೆಯದಕ್ಕೆ ಕೀ ತಿರುವಿದರೆ ಬೆರಳಿನ ಗೆಣ್ಣೆಲ್ಲ ಸಿಡಿಯುತ್ತಿತ್ತು. ಹಬ್ಬ ಮುಗಿದ ಮೇಲೆ ಹಳೆಯದು ಟ್ರಂಕಿಗೆ ಹೋಯಿತು, ಹೊಸದು ಗಂಗಮ್ಮನ ಗೂಡು ಸೇರಿತು.

ಸಂಕ್ರಾಂತಿ ಕಳೆದು ತೂಬು ಎತ್ತುವ ದಿನ ಬಂತು. ಗೂಡಿನಿಂದ ತೆಗೆದಾಗ ಮುಳ್ಳು ಬೇರೆಲ್ಲೋ ಇತ್ತು. ಆದರೆ ಕೈಗೆತ್ತಿಕೊಂಡ ಕೂಡಲೇ ಸೆಕೆಂಡಿನ ಮುಳ್ಳು ಓಡತೊಡಗಿತು. ಹೊತ್ತು ಸರಿಮಾಡಿಕೊಂಡ, ಕೀ ಕೊಡಲಿಲ್ಲ. ಬೇಡವೆಂದಿದ್ದನಲ್ಲ ಹುಡುಗ.

ಮೊದಲ ಸರದಿ ಮೇಲಿನ ಗದ್ದೆಯ ಸುರೇಶನದು, ಆಮೇಲಿನದು ಬಚ್ಚಮ್ಮನದು. ಶಾಲೆಯಲ್ಲಿ ಊಟದ ಗಂಟೆ ಹೊಡೆದರೆ ಅವತ್ತಿಗೆ ತೂಬು ಮುಚ್ಚಲೇಬೇಕು. ದೊಡ್ಡನಾರಾಯಣಪ್ಪ ತೂಬು ಎತ್ತುವಷ್ಟಕ್ಕೇ ದಣಿದು, ಕಲ್ಲಿನ ಮೇಲೆ ಕೂತು ಎಡಗೈಯನ್ನು ಮಂಡಿಯ ಮೇಲಿಟ್ಟ. ಇಟ್ಟ ಕೈ ಇಟ್ಟ ಹಾಗೆಯೇ ಇತ್ತು. ಆಗಾಗ ಎತ್ತಿ ನೋಡಿದ. ನೋಡಿದಾಗಲೆಲ್ಲ ಮುಳ್ಳು ಓಡುತ್ತಿತ್ತು. ಬಿಸಿಲು ಏರಿದ್ದು ಬೆನ್ನಿಗೆ ತಿಳಿದರೂ, ಬೆನ್ನಿಗಿಂತ ಗಡಿಯಾರವನ್ನೇ ನಂಬಿದ.

ಬಚ್ಚಮ್ಮ ಕಟ್ಟೆ ಹತ್ತಿ ಬಂದಳು. ಅವಳ ಮನೆಯಲ್ಲಿ ರೇಷ್ಮೆಹುಳು ಕೊನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಸೊಪ್ಪಿಗೆ ಬಾಯಿಬಿಡುತ್ತಿದ್ದವು. ತೋಟದ ಸೊಪ್ಪು ನೀರಿಲ್ಲದೆ ಬಾಡುತ್ತಿತ್ತು.

"ಏಮ್ ನಾಯ್ನಾ, ಏನಪ್ಪಾ, ಸುರೇಶನ ಗದ್ದೇಲಿ ಮೀನು ಸಾಕ್ತಿದೀಯಾ? ನನ್ ಸರದಿ ಯಾವಾಗ?"

"ಇನ್ನೂ ಆಗಿಲ್ಲ ಕಣಮ್ಮ. ನೋಡು ಬೇಕಾದ್ರೆ, ಓಡ್ತಾ ಇದೆ."

"ಹುಣಸೇಮರದ ನೆರಳು ಬುಡಕ್ಕೆ ಬಂದಿದೆ. ನಿಮ್ ತಾತ ಇದ್ದಿದ್ರೆ ಆವಾಗ್ಲೇ ತಿರುಗಿಸ್ತಿದ್ದ."

ಅವನು ಬಾಯಿ ತೆರೆಯುವ ಮೊದಲೇ ಶಾಲೆಯ ಗಂಟೆ ಕೇಳಿಸಿತು. ಕೈಯ ಗಡಿಯಾರದಲ್ಲಿ ಇನ್ನೂ ಬೆಳಗಿನ ಹೊತ್ತೇ ಇತ್ತು. ತೂಬು ಮುಚ್ಚಿದ. ಬಚ್ಚಮ್ಮನ ತೋಟಕ್ಕೆ ಒಂದು ತೊಟ್ಟು ಹೋಗಲಿಲ್ಲ. ಅವಳು ಕಟ್ಟೆ ಇಳಿದು ತೋಟದ ಕಡೆ ಹೋದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಸಂಜೆಯೊಳಗೆ ಡೈರಿಯ ಮುಂದೆ ಮಾತು ಎದ್ದಿತು. ಸುರೇಶನ ಕಡೆ ವಾಲಿದ ಅಂದರು. ಮುದುಕನಾದ, ನೀರಗಂಟಿಕೆ ಬೇರೆಯವರಿಗೆ ಕೊಡೋಣ ಎಂದೂ ಅಂದರು. ಆ ಮನೆಯ ಮೇಲೆ ತಾತನ ಕಾಲದಿಂದ ಬಾರದ ಮಾತು. ಮುಂದಿನ ನೀರಿನ ದಿನ ದೊಡ್ಡನಾರಾಯಣಪ್ಪ ಶಾಲೆಯ ಗಂಟೆ, ಮರದ ನೆರಳು ನೋಡಿಕೊಂಡೇ ನೀರು ಹಂಚಿದ. ಎಲ್ಲರೆದುರು "ತಪ್ಪು ನಂದೇ" ಎಂದು, ತನ್ನ ಹೊಲದ ಸರದಿಯನ್ನು ಬಚ್ಚಮ್ಮನ ತೋಟಕ್ಕೆ ತಿರುಗಿಸಿದ. ಅವನ ರಾಗಿ ಪೈರು ನೀರಿಲ್ಲದೆ ಬಾಡಿ ತಲೆಬಾಗಿತು.

ಸುದ್ದಿ ತಿಳಿದು ಶ್ರೀಧರ್ ಓಡಿಬಂದ.

"ಅದು ಕೈ ಆಡ್ತಿದ್ರೆ ತಾನೇ ಕೀ ಕೊಟ್ಕೊಳ್ಳುತ್ತೆ ದೊಡ್ಡಪ್ಪ. ಗೂಡಲ್ಲಿಟ್ರೆ ನಿಲ್ಲುತ್ತೆ, ಕೈ ಆಡಿಸ್ದೆ ಕೂತ್ರೂ ನಿಲ್ಲುತ್ತೆ. ನೀನು ನೋಡೋಕೆ ಎತ್ತಿದಾಗ ಒಂಚೂರು ಓಡಿದೆ, ಅಷ್ಟೇ. ನಾನು ಬಿಡಿಸಿ ಹೇಳ್ಬೇಕಿತ್ತು."

"ಹಳೇದು ನಿಂತ್ರೆ ನಿಂತೆ ಅಂತ ಹೇಳ್ಬಿಡೋದು ಕಣೋ. ಇದು ಯಜಮಾನ ನೋಡ್ದಾಗ ಮಾತ್ರ ಗುದ್ದಲಿ ಎತ್ತೋ ಆಳು."

"ಇದನ್ನ ಸುತ್ತಿಸ್ತಾ ಇರೋ ಪೆಟ್ಟಿಗೆ ಸಿಗುತ್ತೆ, ಕರೆಂಟಿಗೆ ಹಾಕಿದ್ರಾಯ್ತು. ತಂದ್ಕೊಡ್ತೀನಿ. ಇಲ್ಲಾಂದ್ರೆ ನೀರಿನ ದಿನ ಮಂಡಿ ಆಳು ಒಬ್ಬನ್ನ ಕಳಿಸ್ತೀನಿ, ಹೊತ್ತು ಅವನು ನೋಡ್ಲಿ."

ದೊಡ್ಡನಾರಾಯಣಪ್ಪ ಸ್ವಿಸ್ ಗಡಿಯಾರವನ್ನು ಒರೆಸಿ ಶ್ರೀಧರನ ಅಂಗೈಯಲ್ಲಿಟ್ಟ. ಟ್ರಂಕಿನಿಂದ ಅಪ್ಪನ ಗಡಿಯಾರ ತೆಗೆದು ಕೀ ತಿರುವಲು ಹೋದ. ಬೆರಳು ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು.

"ಕೊಡು ಇಲ್ಲಿ, ನಾನು ತಿರುಗಿಸ್ತೀನಿ," ಎಂದು ಶ್ರೀಧರ್ ಕೈಚಾಚಿದ.

"ಬೇಡ ಬಿಡೋ. ಪೆಟ್ಟಿಗೇನೂ ಬೇಡ, ಆಳೂ ಬೇಡ. ಬೆರಳು ನೋಯ್ಲಿ. ನೋವಾದ್ರೆ, ಕೀ ಕೊಟ್ಟಿದೀನಿ ಅಂತಾದ್ರೂ ಗೊತ್ತಾಗುತ್ತೆ."